ಕಾಗಿ ಕಾಲು, ಗುಬ್ಬಿ ಕಾಲು

ಅಂದಗೆಟ್ಟ ಅಕ್ಷರಕ್ಕೆ ನಮ್ಮ ಗುಳೇದಗುಡ್ಡದ ಕಡೆ ಆಡುವ ಮಾತು ‘ಕಾಗಿ ಕಾಲು, ಗುಬ್ಬಿ ಕಾಲು’. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಈ ಮಾತನ್ನು ನನ್ನ ಬಾಯಿಂದ ಕೇಳದವರು ವಿರಳ. ಆಡಿದವನೇ ಇಂದು ಅದರ ಬಗೆಗೆ ನಾಲ್ಕು ಸಾಲು ಬರೆಯಬೇಕೆನಿಸಿದೆ.

ಮಾತೇನೋ ಅರ್ಥವತ್ತಾದದ್ದೇ. ಹಕ್ಕಿಯ ಹೆಜ್ಜೆಯಲ್ಲಿ ಮೂರು ಬೆರಳು ಮುಂದಕ್ಕೆ, ಒಂದು ಹಿಂದಕ್ಕೆ. ಎಲ್ಲವೂ ಚಾಚಿದ ಗೆರೆಗಳೇ, ದುಂಡು ಎಲ್ಲಿಯೂ ಇಲ್ಲ. ಕನ್ನಡ ಲಿಪಿಯ ಜೀವವಿರುವುದೋ ದುಂಡಿನಲ್ಲಿ. ಅದು ಕೆಟ್ಟರೆ ‘ಪ’ ಯಾವುದು, ‘ಷ’ ಯಾವುದು, ‘ದ’ಕಾರಕ್ಕೆ ಸೀಳು ಇದೆಯೋ ಇಲ್ಲವೋ ತಿಳಿಯದು. ಇನ್ನು ಕಾಗೆಯ ಕಾಲು ದೊಡ್ಡದು, ಗುಬ್ಬಿಯದು ಸಣ್ಣದು. ಎರಡೂ ಒಂದೇ ಸಾಲಿನಲ್ಲಿ ಮೂಡಿದರೆ ಅಕ್ಷರಗಳ ಅಳತೆ ತಪ್ಪಿದೆ ಎಂದೇ ಅರ್ಥ. ಹೀಗೆ ಒಂದು ಮಾತಿನೊಳಗೆ ಎರಡು ದೋಷಗಳ ವಿವರಣೆ ಅಡಗಿದೆ.

ಆದರೆ ಓದಲು ಬಾರದ್ದೆಲ್ಲ ಕಾಗೆ ಕಾಲಲ್ಲ. 1956ರವರೆಗೆ ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಸೀಮೆಯ ಹಳೆಯ ದಫ್ತರಗಳಲ್ಲಿ ಮೋಡಿ ಬರಹ ಸಿಗುತ್ತದೆ. ಲೇಖಣಿ ಎತ್ತದೆ ಸರಸರನೆ ಬರೆದ ಆ ಲಿಪಿ ಕಲಿಯದವನ ಕಣ್ಣಿಗೆ ಬರಿಯ ಗೀಚು, ಕಲಿತವನಿಗೆ ಹೊಲದ ಲೆಕ್ಕ. ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಮಂಗಳೇಶನು ಬರೆಯಿಸಿದ, ಕ್ರಿ.ಶ. 578ರ ಶಾಸನವನ್ನೂ ಇಂದಿನ ಮಕ್ಕಳು ಓದಲಾರರು. ಅದು ಬರೆದವನ ತಪ್ಪಲ್ಲ.

ಇದನ್ನು ನಾನು ತಡವಾಗಿ ಕಲಿತೆ. ನೇಕಾರರ ಮನೆಯ ಒಬ್ಬ ಹುಡುಗನ ಪಟ್ಟಿಯನ್ನು ತರಗತಿಯ ಮುಂದೆ ಎತ್ತಿ ಹಿಡಿದು, “ಏನೋ ಇದು, ಕಾಗಿ ಕಾಲು ಗುಬ್ಬಿ ಕಾಲು!” ಎಂದಿದ್ದೆ. ಎಲ್ಲರೂ ನಕ್ಕರು. ಅಂದಿನಿಂದ ಅವನು ಪಟ್ಟಿ ತೋರಿಸುವುದನ್ನೇ ಬಿಟ್ಟ. ಒಂದು ಸಂಜೆ ಅವರ ಮನೆಗೆ ಹೋದಾಗ, ಖಣ ನೇಯುವ ಮಗ್ಗದ ಪಕ್ಕದಲ್ಲಿ ಅವನು ಕಂಡಿಕೆ ಸುತ್ತುತ್ತಿದ್ದ. ನೂಲು ಎಳೆದೆಳೆದು ಬೆರಳಸಂದು ಸೀಳಿತ್ತು. ಕೆಲಸ ಮುಗಿದ ಮೇಲೆ ಅದೇ ಬೆರಳಿನಿಂದ ಅವನು ಬರೆಯಬೇಕಿತ್ತು. “ನಾಳೆ ಛಲೋ ಬರೀತೀನ್ರಿ ಸರ್” ಎಂದ. ನನಗೆ ಉತ್ತರ ಹೊಳೆಯಲಿಲ್ಲ.

ಅಕ್ಷರ ತಿದ್ದುವುದು ಬೇಡವೆಂದು ನಾನು ಹೇಳುತ್ತಿಲ್ಲ. ಓದುವವನಿಗೆ ತೊಡಕಾಗದಂತೆ ಬರೆಯುವುದು ಒಂದು ಮರ್ಯಾದೆ. ಆದರೆ ‘ಈ ದುಂಡು ಕೂಡಿಲ್ಲ, ಈ ಸೀಳು ಬಿಟ್ಟಿದೆ’ ಎಂದರೆ ಮಗು ತಿದ್ದಿಕೊಳ್ಳುತ್ತದೆ. ‘ಕಾಗೆ ಕಾಲು’ ಎಂದಷ್ಟೇ ಹೇಳಿದರೆ ಪಟ್ಟಿ ಮುಚ್ಚಿಡುತ್ತದೆ. ನಿಮ್ಮಲ್ಲಿ ಹಲವರು ಈಗ ಶಿಕ್ಷಕರು, ತಂದೆತಾಯಿಗಳು. ಆ ಮಾತು ನಾಲಿಗೆಗೆ ಬಂದಾಗ, ಅಕ್ಷರ ನೋಡುವ ಮೊದಲು ಒಮ್ಮೆ ಮಗುವಿನ ಕೈ ನೋಡಿರಿ.