ಚಿತ್ರಹಿಂಸೆ ಎನ್ನಲಾರದ ರೇಡಿಯೋ

ಒಬ್ಬ ಮನುಷ್ಯನನ್ನು ಹಲಗೆಗೆ ಬಿಗಿದು ಕಟ್ಟಿ, ಮುಖಕ್ಕೆ ಬಟ್ಟೆ ಮುಚ್ಚಿ, ಉಸಿರುಗಟ್ಟುವವರೆಗೆ ಅದರ ಮೇಲೆ ನೀರು ಸುರಿಯುವುದಕ್ಕೆ ಏನೆನ್ನಬೇಕು? ಚಿತ್ರಹಿಂಸೆ ಎನ್ನಬೇಕು. ನಮ್ಮ ಹಳ್ಳಿಯ ಓದುಬರಹ ತಿಳಿಯದ ಅಜ್ಜಿಗೂ ಇದರಲ್ಲಿ ಗೊಂದಲವಿರಲಾರದು. ಗೊಂದಲವಾದದ್ದು ಅಮೆರಿಕದ ವಿದ್ಯಾವಂತರ ಅಚ್ಚುಮೆಚ್ಚಿನ ನ್ಯಾಷನಲ್ ಪಬ್ಲಿಕ್ ರೇಡಿಯೋಗೆ.

2009ರ ಏಪ್ರಿಲ್‌ನಲ್ಲಿ ಸಿಐಎಯ ವಿಚಾರಣೆಗೆ ಸಂಬಂಧಿಸಿದ ರಹಸ್ಯ ಟಿಪ್ಪಣಿಗಳು ಹೊರಬಂದವು. ಖಾಲಿದ್ ಶೇಖ್ ಮುಹಮ್ಮದ್ ಎಂಬ ಬಂದಿಯ ಮೇಲೆ 2003ರ ಮಾರ್ಚ್ ಒಂದೇ ತಿಂಗಳಲ್ಲಿ 183 ಬಾರಿ ಈ ನೀರಿನ ಪ್ರಯೋಗ ನಡೆದಿತ್ತು. (ಆತ ನಿರಪರಾಧಿ ಎಂದು ಇಲ್ಲಿ ಯಾರೂ ವಾದಿಸುತ್ತಿಲ್ಲ.) ಆದರೂ ರೇಡಿಯೋದ ಬಾಯಲ್ಲಿ ಅದು ‘ಕಠಿಣ ವಿಚಾರಣಾ ವಿಧಾನ’ವೇ. ಕೇಳುಗರು ಸಿಟ್ಟಾಗಿ ಪತ್ರ ಬರೆದರು. ಅವರ ದೂರು ಆಲಿಸಲೆಂದೇ ನೇಮಕಗೊಂಡಿದ್ದ ಅಲಿಸಿಯಾ ಶೆಪರ್ಡ್ ಅದೇ ಜೂನ್‌ನಲ್ಲಿ ಕೊಟ್ಟ ಸಮಜಾಯಿಷಿ ಇಷ್ಟು: ಆ ಪದ ಬಳಸಿದರೆ ಒಂದು ಪಕ್ಷ ವಹಿಸಿದಂತೆ; ಮಾಡಿದ್ದೇನು ಎಂಬುದನ್ನು ವಿವರಿಸಿ, ಹೆಸರಿಡುವುದನ್ನು ಬಿಟ್ಟುಬಿಡಬೇಕು.

ಕೇಳಲು ಎಷ್ಟು ನಿಷ್ಪಕ್ಷಪಾತ! ಆದರೆ ‘ಕಠಿಣ ವಿಚಾರಣೆ’ ಎಂಬುದೂ ಒಂದು ಹೆಸರೇ ಅಲ್ಲವೇ? ಅದನ್ನು ಇಟ್ಟವರು ಯಾರು? ಮಾಡಿದವರೇ. ಅಷ್ಟೇ ಅಲ್ಲ, ಚಿತ್ರಹಿಂಸೆ ಎನ್ನುವುದು ಬರೀ ಬೈಗುಳವಲ್ಲ, ಕಾನೂನಿನ ಪದ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದವನ್ನು ಅಮೆರಿಕ 1994ರಲ್ಲಿ ಅನುಮೋದಿಸಿದೆ. ಎರಡನೆಯ ಮಹಾಯುದ್ಧದ ನಂತರ ಕೈದಿಗಳಿಗೆ ಇದೇ ನೀರಿನ ಹಿಂಸೆ ಕೊಟ್ಟ ಜಪಾನಿ ಸೈನಿಕರನ್ನು ಕಟಕಟೆಗೆ ತಂದು ಶಿಕ್ಷಿಸಿದ್ದೂ ಅಮೆರಿಕವೇ. ಪದ ಉಚ್ಚರಿಸಿದರೆ ಅಪರಾಧ ಎದ್ದು ನಿಲ್ಲುತ್ತದೆ, ಅಪರಾಧವಿದ್ದರೆ ಅಪರಾಧಿಯೂ ಇರಬೇಕಾಗುತ್ತದೆ. ಪದವನ್ನು ತಪ್ಪಿಸಿದ್ದು ಈ ಫಜೀತಿಯನ್ನು ತಪ್ಪಿಸಲಿಕ್ಕೆ ನೆರವಾಯಿತು. 2012ರಲ್ಲಿ ಅಲ್ಲಿನ ನ್ಯಾಯ ಇಲಾಖೆ ಯಾರ ಮೇಲೂ ಆರೋಪ ಹೊರಿಸದೆ ಕಡತ ಮುಚ್ಚಿತು.

ರೇಡಿಯೋ ಒಂದನ್ನೇ ಹಳಿಯುವುದು ಅನ್ಯಾಯ. ಹಾರ್ವರ್ಡ್‌ನ ವಿದ್ಯಾರ್ಥಿಗಳು 2010ರಲ್ಲಿ ಪತ್ರಿಕೆಗಳ ಹಳೆಯ ಕಡತಗಳನ್ನು ಜಾಲಾಡಿದರು. 1930ರ ದಶಕದಿಂದ 1999ರವರೆಗೆ ನ್ಯೂಯಾರ್ಕ್ ಟೈಮ್ಸ್‌ನ 54 ಬರಹಗಳಲ್ಲಿ 44 ಈ ನೀರಿನ ಪ್ರಯೋಗವನ್ನು ಚಿತ್ರಹಿಂಸೆ ಎಂದಿದ್ದವು. 2002ರಿಂದ 2008ರ ನಡುವೆ? 143ರಲ್ಲಿ ಎರಡು! ನೀರು ಬದಲಾಗಿರಲಿಲ್ಲ, ಸುರಿಯುವ ಕೈ ಬದಲಾಗಿತ್ತು. ಆ ಪತ್ರಿಕೆ ತನ್ನ ನಿಲುವನ್ನು ತಿದ್ದಿಕೊಂಡದ್ದು 2014ರ ಆಗಸ್ಟ್‌ನಲ್ಲಿ, ಸ್ವತಃ ಅಧ್ಯಕ್ಷ ಒಬಾಮ ಆ ಪದ ನುಡಿದ ಮೇಲೆ. ಪ್ರಭುತ್ವ ಅಪ್ಪಣೆ ಕೊಟ್ಟ ಮೇಲೆ ಬಂದ ಧೈರ್ಯಕ್ಕೆ ಏನೆನ್ನೋಣ?

ಇಷ್ಟೆಲ್ಲ ನಾಜೂಕು ಪ್ರದರ್ಶಿಸಿದ ರೇಡಿಯೋವನ್ನು ಬಲಪಂಥೀಯರು ಮೆಚ್ಚಿದರೇ? ಎಡಪಂಥದ ತುತ್ತೂರಿ ಎಂದೇ ಜರೆದು, 2025ರ ಜುಲೈನಲ್ಲಿ ಸಾರ್ವಜನಿಕ ಪ್ರಸಾರಕ್ಕೆ ಮೀಸಲಿದ್ದ ಸುಮಾರು 110 ಕೋಟಿ ಡಾಲರ್‌ಗಳನ್ನು ಹಿಂದಕ್ಕೆ ಕಿತ್ತುಕೊಂಡರು.

ಸಾರ್ವಜನಿಕ ಪ್ರಸಾರವೆಂದರೆ ಹೀಗೇ ಇರಬೇಕೆಂದೇನಿಲ್ಲ. 2007ರ ಜುಲೈನಲ್ಲಿ ಬೆಂಗಳೂರಿನ ವೈದ್ಯ ಮುಹಮ್ಮದ್ ಹನೀಫ್‌ರನ್ನು ಆಸ್ಟ್ರೇಲಿಯಾ ಭಯೋತ್ಪಾದನೆಯ ಆರೋಪದಲ್ಲಿ ಜೈಲಿಗಟ್ಟಿದಾಗ, ಅವರ ಸಿಮ್ ಕಾರ್ಡ್ ಗ್ಲಾಸ್ಗೋ ವಿಮಾನ ನಿಲ್ದಾಣದಲ್ಲಿ ಉರಿದ ಜೀಪಿನಲ್ಲಿ ಸಿಕ್ಕಿತೆಂದು ಸರಕಾರಿ ವಕೀಲರು ನ್ಯಾಯಾಲಯಕ್ಕೆ ಹೇಳಿದ್ದರು. ಸರಕಾರದ ಹಣದಲ್ಲೇ ನಡೆಯುವ ಅಲ್ಲಿನ ಎಬಿಸಿ ‘ಸರಕಾರ ಹೀಗೆನ್ನುತ್ತದೆ, ವಕೀಲರು ಹಾಗೆನ್ನುತ್ತಾರೆ’ ಎಂದು ತಕ್ಕಡಿ ಹಿಡಿದು ಕೂರಲಿಲ್ಲ. ಸಿಮ್ ಎಲ್ಲಿತ್ತೆಂದು ವಿಚಾರಿಸಿತು. ಅದು ಜೀಪಿನಲ್ಲಿರಲೇ ಇಲ್ಲ, ದೂರದ ಲಿವರ್‌ಪೂಲ್‌ನಲ್ಲಿತ್ತು. ಜುಲೈ 20ರಂದು ಈ ವರದಿ ಬಂತು. ವಾರದೊಳಗೆ, ಜುಲೈ 27ರಂದು, ಆರೋಪ ಬಿದ್ದುಹೋಯಿತು.