ನೇತ್ರಾಣಿಯ ವಿಡಿಯೊದಲ್ಲಿ ಹವಳ ಎಷ್ಟಿದೆ?

ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್ ಮಾಡಿ ಬಂದೆ. ತರಬೇತುದಾರರು ಕಳಿಸಿದ ವಿಡಿಯೊವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಮೊದಮೊದಲು ನೋಡಿದ್ದು ನನ್ನನ್ನೇ. ಆಮೇಲೆ ಹಿಂದಿನ ಬಂಡೆಯ ಕಡೆ ಕಣ್ಣು ಹೋಯಿತು. ಅಲ್ಲಿದ್ದ ಬಿಳಿ ತೇಪೆ ಮರಳೋ, ಬಿಳಿಚಿಕೊಂಡ ಹವಳವೋ, ಸತ್ತ ಹವಳವೋ ತಿಳಿಯಲಿಲ್ಲ. ಇದೇ ಪ್ರಶ್ನೆಗೆ ಉತ್ತರಿಸುವುದನ್ನು ಈಗ ಕಂಪ್ಯೂಟರಿಗೆ ಕಲಿಸುತ್ತಿದ್ದಾರೆ.

ಪ್ರಶ್ನೆ ತುರ್ತಿನದು. ಜಗತ್ತಿನ ಹವಳಗಳು ನಾಲ್ಕನೇ ಸಲ ಸಾಮೂಹಿಕವಾಗಿ ಬಿಳಿಚಿಕೊಳ್ಳುತ್ತಿವೆ ಎಂದು 2024ರ ಏಪ್ರಿಲ್‌ನಲ್ಲಿ ಅಮೆರಿಕದ ನೋವಾ ಸಂಸ್ಥೆ ಘೋಷಿಸಿತು. ನೀರು ಮಾಮೂಲಿ ಬೇಸಿಗೆಗಿಂತ ಒಂದು ಡಿಗ್ರಿ ಹೆಚ್ಚು ಬಿಸಿಯಾಗಿ ವಾರಗಟ್ಟಲೆ ಹಾಗೇ ಉಳಿದರೆ ಸಾಕು, ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತದೆ. ಅದರ ಬಣ್ಣಕ್ಕೂ ಬಹುಪಾಲು ಊಟಕ್ಕೂ ಆ ಪಾಚಿಯೇ ಆಧಾರ. ಅದೇ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳಗಳೂ ಬಿಳಿಚಿದ್ದನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ವರದಿ ಮಾಡಿತು.

ಎಷ್ಟು ಹವಳ ಉಳಿದಿದೆ ಎಂದು ಅಳೆಯುವ ವಿಧಾನ ಸರಳ, ಆದರೆ ಬೇಸರದ್ದು. ಸಮುದ್ರದ ತಳದಲ್ಲಿ ಟೇಪು ಹಾಸಿ, ಅದರುದ್ದಕ್ಕೂ ಒಂದೇ ಎತ್ತರದಿಂದ ಫೋಟೊ ತೆಗೆಯುತ್ತಾರೆ. ಪ್ರತಿ ಫೋಟೊದ ಮೇಲೆ ಮನಬಂದಂತೆ ಚುಕ್ಕಿಗಳನ್ನು ಚೆಲ್ಲಿ, ಒಂದೊಂದು ಚುಕ್ಕಿಯ ಕೆಳಗೆ ಏನಿದೆ ಎಂದು ತಜ್ಞರು ಬರೆಯುತ್ತಾರೆ. ಫೋಟೊಗೆ 50 ಚುಕ್ಕಿ ಎಂದರೆ ಸಾವಿರ ಫೋಟೊಗೆ 50,000 ತೀರ್ಮಾನ! ಕ್ಯಾಲಿಫೋರ್ನಿಯಾದ ಕೋರಲ್‌ನೆಟ್, ಆಸ್ಟ್ರೇಲಿಯಾದ ರೀಫ್‌ಕ್ಲೌಡ್ ಇಳಿಸುವುದು ಈ ಹೊರೆಯನ್ನೇ. ಸ್ವಲ್ಪ ಫೋಟೊಗಳಲ್ಲಿ ತಜ್ಞರು ಗುರುತು ಹಾಕಿಕೊಟ್ಟರೆ ಯಂತ್ರ ಅದನ್ನು ನೋಡಿ ಕಲಿತು ಉಳಿದದ್ದನ್ನು ಗುರುತಿಸುತ್ತದೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಜ್ಞರ ಮತ್ತು ಯಂತ್ರದ ಲೆಕ್ಕ ಶೇ 97ರಷ್ಟು ಹೊಂದಿಕೆಯಾಯಿತು. ಕೆಲಸ ಕನಿಷ್ಠ 200 ಪಟ್ಟು ವೇಗವಾಯಿತು, ಖರ್ಚು ನೂರರಲ್ಲಿ ಒಂದು ಪಾಲಿಗೆ ಇಳಿಯಿತು.

ಅಂಕಿ ನೋಡಿ ನಾನೂ ಹಿಗ್ಗಿದೆ. ಆದರೆ ಬೇರೆ ಸಮುದ್ರದ ತಿಳಿನೀರಿನ ಫೋಟೊಗಳಿಂದ ಕಲಿತ ಯಂತ್ರವನ್ನು ನಮ್ಮ ಕರಾವಳಿಗೆ ತಂದರೆ ಅದು ತಡವರಿಸುವುದು ಸಹಜ. ಮಳೆಗಾಲದಲ್ಲಿ ನದಿಗಳು ತರುವ ಮಣ್ಣಿನಿಂದ ಇಲ್ಲಿನ ನೀರು ಕದಡುತ್ತದೆ. ಆಳಕ್ಕೆ ಹೋದಂತೆ ಕೆಂಪು ಬಣ್ಣ ಮೊದಲು ಮಾಯವಾಗಿ ಎಲ್ಲವೂ ಹಸಿರು-ನೀಲಿಯಾಗಿ ಕಾಣುತ್ತದೆ. ಹಾಗಾಗಿ ಇಲ್ಲಿನ ಫೋಟೊಗಳ ಮೇಲೆ, ಇಲ್ಲಿನ ಹವಳ ಬಲ್ಲವರೇ ಕೂತು ಗುರುತು ಹಾಕಬೇಕು. ಅಂಥವರನ್ನು ತಯಾರು ಮಾಡಲು ವರ್ಷಗಳು ಬೇಕು. ಹೊಸ ತಂತ್ರಜ್ಞಾನಕ್ಕೆ ಸಿಗುವಷ್ಟು ಸುಲಭವಾಗಿ ಇದಕ್ಕೆ ದುಡ್ಡು ಸಿಗುತ್ತದೆಯೇ ಎಂಬುದು ನನ್ನ ಅನುಮಾನ.

ಲಕ್ಷದ್ವೀಪದ ಉದಾಹರಣೆಯನ್ನೇ ನೋಡಿ. ಅಗತ್ತಿ, ಕದ್ಮತ್, ಕವರತ್ತಿಯಲ್ಲಿ 1998ರಲ್ಲಿ ಶೇ 37ರಷ್ಟಿದ್ದ ಜೀವಂತ ಹವಳದ ಹೊದಿಕೆ 2022ರ ಹೊತ್ತಿಗೆ ಶೇ 19ರ ಆಸುಪಾಸಿಗೆ ಕುಸಿದಿದೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ಇದನ್ನು ಹೇಳಲು ಸಾಧ್ಯವಾದದ್ದು 24 ವರ್ಷಗಳ ದಾಖಲೆ ಇದ್ದುದರಿಂದ. ಹಾಗೆ ಮತ್ತೆ ಮತ್ತೆ ಮುಳುಗಿ ನೋಡುವವರು ಇಲ್ಲದಿದ್ದರೆ ಯಂತ್ರಕ್ಕೆ ಓದಲು ಫೋಟೊ ಎಲ್ಲಿಂದ ಬರಬೇಕು?

ನೇತ್ರಾಣಿಗೆ ಪ್ರವಾಸಿ ದೋಣಿಗಳು ಹೇಗೂ ಹೋಗುತ್ತವೆ, ಕ್ಯಾಮೆರಾವೂ ಇರುತ್ತದೆ. ಅರಣ್ಯ ಇಲಾಖೆ ಮತ್ತು ಕಾಲೇಜುಗಳು ಜೊತೆಗೂಡಿ ನಾಲ್ಕೈದು ಬಂಡೆಗಳನ್ನು ಆರಿಸಿ, ಪ್ರತಿ ಋತುವಿನಲ್ಲಿ ಅವುಗಳನ್ನೇ ಅಳತೆಪಟ್ಟಿ ಇಟ್ಟು ಚಿತ್ರಿಸುವಂತೆ ದೋಣಿಯವರಿಗೆ ಕಲಿಸಬಹುದು. ಈಗಿನ ವಿಡಿಯೊಗಳು ಆ ಕೆಲಸಕ್ಕೆ ಬಾರವು. ನನ್ನದರಲ್ಲಿ ಬಂಡೆ ಸರಿಯಾಗಿ ಕಾಣುವುದು ಹನ್ನೊಂದು ಸೆಕೆಂಡು. ಉಳಿದದ್ದೆಲ್ಲ ನಾನು ಕೈಬೀಸುತ್ತಿರುವುದು.