ಡಯಲ್ ಚೆಂದ ಇದೆ ಅಂತ ಕ್ಯಾಮೆರಾ ತಗೋಬೇಡಿ

(1/3)

ಈ ವಾರ ಮೂರು ಜನ ಮೆಸೇಜ್ ಮಾಡಿದ್ರಿ. ಪ್ರಶ್ನೆ ಒಂದೇ: "ಆ ಹಳೇ ಕಾಲದ ಲುಕ್ ಇರೋ ಮಿರರ್‌ಲೆಸ್ ತಗೋಬೇಕು, ಇಎಂಐ ಇದೆ, ಯಾವುದು ಬೆಸ್ಟ್?" ಒಬ್ಬನ ಮನೇಲಂತೂ ಅದಕ್ಕೋಸ್ಕರ ಚೀಟಿ ಎತ್ತೋ ಮಾತು ನಡೀತಿದೆಯಂತೆ. ಅದಕ್ಕೇ ಈ ಸಲ ಉದ್ದ ಬರೀತಿದ್ದೀನಿ. ಅಪ್ಪನ ಚೀಟಿ ದುಡ್ಡು ರೀಲ್ಸ್ ನೋಡಿ ಖರ್ಚು ಮಾಡೋ ದುಡ್ಡಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳ್ತೀನಿ. ಡಯಲ್ ಇರೋ ಕ್ಯಾಮೆರಾ ಡಯಲ್ ತಿರುಗಿಸೋರಿಗೆ ಮಾತ್ರ. ಶಟರ್, ಐಎಸ್‌ಒ, ಅಪರ್ಚರ್ ಮೂರನ್ನೂ 'ಎ' ಮೇಲೆ ಇಟ್ಟು ಕ್ಲಿಕ್ ಮಾಡೋ ಪ್ಲಾನ್ ಇದ್ರೆ ಯಾವುದಾದ್ರೂ ಸಾದಾ ಕ್ಯಾಮೆರಾ ತಗೊಳ್ಳಿ. ಲೋಹದ ಚಕ್ರಕ್ಕೆ ಅಂತ ಹೆಚ್ಚಿಗೆ ದುಡ್ಡು ಕೊಡಬೇಡಿ.

ನನ್ನ ಹತ್ರ ಇರೋದು ಸೆಕೆಂಡ್ ಹ್ಯಾಂಡ್ ಫ್ಯೂಜಿಫಿಲ್ಮ್ ಎಕ್ಸ್-ಟಿ2. 2016ರ ಮಾಡೆಲ್, 24 ಮೆಗಾಪಿಕ್ಸೆಲ್. ಎಡಗಡೆ ಐಎಸ್‌ಒ ಚಕ್ರ, ಬಲಗಡೆ ಶಟರ್ ಚಕ್ರ, ಲೆನ್ಸ್ ಮೇಲೆ ಅಪರ್ಚರ್ ರಿಂಗ್. ಕ್ಯಾಮೆರಾ ಆಫ್ ಇದ್ರೂ ಮೇಲಿಂದ ನೋಡಿದ್ರೆ ಏನು ಸೆಟ್ ಆಗಿದೆ ಗೊತ್ತಾಗುತ್ತೆ. ಸಯ್ಯಾಜಿ ರಾವ್ ರಸ್ತೆ ಬಿಸಿಲಲ್ಲಿ ಎಫ್8, 1/1000, ಐಎಸ್‌ಒ 200. ಹೂವಿನ ಸಾಲು ನೋಡೋಣ ಅಂತ ದೇವರಾಜ ಮಾರ್ಕೆಟ್ ಒಳಗೆ ಕಾಲಿಟ್ಟರೆ ಎಫ್2.8, 1/125, ಐಎಸ್‌ಒ 800 ಬೇಕಾಗಬಹುದು. ಕ್ಯಾಮೆರಾ ಕಣ್ಣಿಗೆ ಎತ್ತೋ ಮೊದಲೇ, ನಡೀತಾ ನಡೀತಾ ಮೂರನ್ನೂ ತಿರುಗಿಸಿ ಆಗಿರುತ್ತೆ. ಹೂವಿನ ಅಜ್ಜಿ ತಲೆ ಎತ್ತೋ ಹೊತ್ತಿಗೆ ನಾನು ಮೆನು ಒಳಗೆ ಇರಲ್ಲ.

ಬಿಕಾಂನವರಿಗೆ ಇದು ಇನ್ನೂ ಸುಲಭ. ಎಫ್2ರಿಂದ ಎಫ್2.8ಕ್ಕೆ ಹೋದ್ರೆ ಬೆಳಕು ಅರ್ಧ ಆಗುತ್ತೆ. ಶಟರ್ 1/250ರಿಂದ 1/125ಕ್ಕೆ ಇಳಿಸಿದ್ರೆ ಬೆಳಕು ಎರಡು ಪಟ್ಟು. ಒಂದು ಕಡೆ ಡೆಬಿಟ್, ಇನ್ನೊಂದು ಕಡೆ ಕ್ರೆಡಿಟ್, ಫೋಟೋ ಟ್ಯಾಲಿ. ಫೋನ್‌ನಲ್ಲಿ ಎರಡು ವರ್ಷ ಫೋಟೋ ತೆಗೆದರೂ ತಲೆಗೆ ಹೋಗದ ಈ ವಿಷಯ, ಚಕ್ರದ ಮೇಲೆ ಅಂಕಿ ಕೆತ್ತಿರೋದನ್ನ ನೋಡಿ ಒಂದು ವಾರದಲ್ಲಿ ಹೋಯ್ತು. ನಾನು ಡಯಲ್ ಪರ ಇರೋದು ಇದೊಂದೇ ಕಾರಣಕ್ಕೆ.

(2/3)

ಈಗ ಯಾರೂ ಹೇಳದ ಮಾತು. ಬಾಡಿಗಿಂತ ಮುಂಚೆ ಲೆನ್ಸ್ ನೋಡಿ.

ನಾನು ಮಾಡಿದ ದಡ್ಡತನ ಕೇಳಿ. ಬಾಡಿ ಬಗ್ಗೆ ಎರಡು ತಿಂಗಳು ವಿಡಿಯೋ ನೋಡಿ, ಲೆನ್ಸ್‌ನ ಮಾತ್ರ ಎರಡು ನಿಮಿಷದಲ್ಲಿ ತಗೊಂಡೆ. ಹೆಸರಲ್ಲಿ 'ಎಕ್ಸ್‌ಸಿ' ಅಂತಿತ್ತು. ಫ್ಯೂಜಿಯ ಎಕ್ಸ್‌ಸಿ ಲೆನ್ಸ್‌ಗಳಲ್ಲಿ ಅಪರ್ಚರ್ ರಿಂಗೇ ಇಲ್ಲ. ಮನೆಗೆ ಬಂದು ಹುಡುಕಿದ್ದೇ ಹುಡುಕಿದ್ದು! ಎಕ್ಸ್‌ಎಫ್ ಲೆನ್ಸ್‌ಗಳಲ್ಲಿ ಬಹುತೇಕ ಇರುತ್ತೆ. ಅದರಲ್ಲೂ 18-55 ಜೂಮ್‌ನ ರಿಂಗ್ ಮೇಲೆ ಎಫ್ ಅಂಕಿ ಇಲ್ಲ, ಯಾಕಂದ್ರೆ ಜೂಮ್ ಮಾಡಿದಂಗೆ ಗರಿಷ್ಠ ಅಪರ್ಚರ್ ಬದಲಾಗುತ್ತೆ. 35 ಎಂಎಂ ಎಫ್2ರಲ್ಲಿ 2ರಿಂದ 16ರವರೆಗೆ ಕೆತ್ತಿದ್ದಾರೆ. ಕಲಿಯೋಕೆ ಅಂತಾನೇ ತಗೊಳ್ಳೋದಾದ್ರೆ ಇಂಥದ್ದು.

ನಿಕಾನ್ ಝಡ್‌ಎಫ್‌ಸಿ ಬಗ್ಗೆ ಇಬ್ಬರು ಕೇಳಿದ್ರಿ. 2021ರಲ್ಲಿ ಬಂತು, 1982ರ ಎಫ್‌ಎಂ2 ಫಿಲ್ಮ್ ಕ್ಯಾಮೆರಾ ತರಹದ ರೂಪ. ನಿಜವಾಗ್ಲೂ ಮುದ್ದಾಗಿದೆ, ನನಗೂ ಆಸೆ ಆಗುತ್ತೆ. ಶಟರ್, ಐಎಸ್‌ಒ ಚಕ್ರ ಎರಡೂ ಇವೆ. ಆದ್ರೆ ಜೊತೆಗೆ ಬರೋ 16-50 ಲೆನ್ಸ್ ಮೇಲೆ ಅಂಕಿ ಕೆತ್ತಿದ ರಿಂಗ್ ಇಲ್ಲ, ಅಪರ್ಚರ್ ಎಷ್ಟು ಅಂತ ಮೇಲಿನ ಪುಟ್ಟ ಕಿಟಕಿಯಲ್ಲಿ ನೋಡಬೇಕು. ಕೆಟ್ಟ ಕ್ಯಾಮೆರಾ ಅಂತಿಲ್ಲ. ನೀವು ಆ ಮೂರನೇ ಚಕ್ರಕ್ಕೂ ದುಡ್ಡು ಕೊಡ್ತಿದ್ದೀನಿ ಅಂದ್ಕೊಂಡಿದ್ರೆ, ಅದು ಅಲ್ಲಿಲ್ಲ.

ಫ್ಯೂಜಿಯಲ್ಲೂ ಹೀಗೇ. ಎಕ್ಸ್-ಟಿ20, ಎಕ್ಸ್-ಟಿ30ರಲ್ಲಿ ಐಎಸ್‌ಒ ಚಕ್ರ ಇಲ್ಲ. 2024ರ ಎಕ್ಸ್-ಟಿ50ರ ಎಡಗಡೆ ಚಕ್ರ ಇರೋದು ಫಿಲ್ಮ್ ಸಿಮ್ಯುಲೇಶನ್‌ಗೆ, ಅಂದ್ರೆ ಬಣ್ಣ ಬದಲಿಸೋಕೆ. ಚಕ್ರ ಎಣಿಸಬೇಡಿ ಮಾರಾಯ್ರೆ, ಯಾವ ಚಕ್ರ ಏನು ಮಾಡುತ್ತೆ ನೋಡಿ.

(3/3)

ಡಯಲ್ ನನ್ನ ಕೈ ಕೊಟ್ಟಿದ್ದೂ ಇದೆ. ಅಕ್ಕನ ಫ್ರೆಂಡ್ ಮದುವೆಗೆ ಫೋಟೋ ತೆಗೀತೀನಿ ಅಂತ ನಾನೇ ಮುಂದೆ ಬಿದ್ದು ಹೋಗಿದ್ದೆ. ಧಾರೆ ಮುಹೂರ್ತ. ಹಿಂದಿನ ರಾತ್ರಿ ದೀಪದ ಫೋಟೋಗೆ ಅಂತ ಶಟರ್ 1/15ಕ್ಕೆ ಇಟ್ಟಿದ್ದೆ, ಹಂಗೇ ಉಳಿದಿತ್ತು. ಅಕ್ಷತೆ ಬಿದ್ದ ಎಂಟು ಫೋಟೋದಲ್ಲಿ ಎಂಟೂ ಅಲುಗಾಡಿವೆ. ಅಂಕಿ ಕಣ್ಣೆದುರೇ ಇತ್ತು, ನಾನೇ ನೋಡಲಿಲ್ಲ. ಆ ಅಕ್ಕ ಏನೂ ಅನ್ನಲಿಲ್ಲ, ಅದೇ ಹೆಚ್ಚು ನೋವಾಯ್ತು.

ಮಾಮೂಲಿ ಮೋಡ್ ಡಯಲ್ ಕ್ಯಾಮೆರಾದಲ್ಲಿ ಮದುವೆಗೆ ಅಂತ ಒಂದು ಸೆಟ್ಟಿಂಗ್ ಸೇವ್ ಮಾಡಿಟ್ಟು ಒಂದೇ ಸಲಕ್ಕೆ ಅದಕ್ಕೆ ಹೋಗಬಹುದು. ಇಲ್ಲಿ ಏನೇ ಸೇವ್ ಮಾಡಿದ್ರೂ ಲೋಹದ ಚಕ್ರ ತಾನಾಗೇ ತಿರುಗಲ್ಲ. ಹಾಗಾಗಿ ಇವೆಂಟ್ ಮಾಡಿ ದುಡ್ಡು ದುಡಿಯೋ ಯೋಚನೆ ಇರೋರು ಡಯಲ್ ಆಸೆ ಬಿಡಿ. ಇದನ್ನ ಪೂರ್ತಿ ಗಂಭೀರವಾಗಿ ಹೇಳ್ತಿದ್ದೀನಿ.

ಬೀದಿ, ಜಾತ್ರೆ, ಮನೆ ಜನ, ಊರು, ಇಷ್ಟನ್ನ ನಿಧಾನಕ್ಕೆ ತೆಗೀತಾ ಕಲೀಬೇಕು ಅನ್ನೋರು ಹಳೇ ಬಾಡಿ ತಗೊಂಡು, ಉಳಿದ ದುಡ್ಡನ್ನ ರಿಂಗ್ ಇರೋ ಒಂದು ಲೆನ್ಸ್‌ಗೆ ಹಾಕಿ. ಬಾಡಿ ಡಿಪ್ರಿಸಿಯೇಶನ್ ಆಗೋ ಆಸ್ತಿ, ಮೊದಲ ಪೆಟ್ಟು ಬೇರೆಯವರು ತಿಂದಿರಲಿ. 40 ಮೆಗಾಪಿಕ್ಸೆಲ್ ಬೇಕಾ ಅಂತ ಕೇಳಿದವನಿಗೆ: ನೀನು ಹಾಕೋದು ಇಲ್ಲಿ, ಫೋನ್ ಸ್ಕ್ರೀನಲ್ಲಿ ನೋಡೋಕೆ. 24 ಧಾರಾಳ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಪ್ರತಿ ಚಕ್ರನೂ ಕೊನೆವರೆಗೆ ತಿರುಗಿಸಿ, ಲಾಕ್ ಒತ್ತಿ ನೋಡಿ. ಲೆನ್ಸ್ ಒಳಗೆ ಟಾರ್ಚ್ ಬಿಟ್ಟು ಫಂಗಸ್ ಇದೆಯಾ ನೋಡಿ, ನಮ್ಮ ಮಳೆಗಾಲಕ್ಕೆ ಅದು ಸಾಮಾನ್ಯ. ಸೀರಿಯಲ್ ನಂಬರ್ ಇರೋ ಬಿಲ್ ಇಲ್ಲದೆ ದುಡ್ಡು ಕೊಡಬೇಡಿ.

ಚೀಟಿ ಮಾತಾಡಿದವನೇ, ಇನ್ನೂ ಸೈನ್ ಹಾಕಬೇಡ ಮಗಾ. ಭಾನುವಾರ ಬೆಳಿಗ್ಗೆ ಏಳಕ್ಕೆ ಮಾರ್ಕೆಟ್ ಹತ್ರ ಬಾ. ನನ್ನ ಕ್ಯಾಮೆರಾ ನಿನ್ನ ಕೈಗೆ ಕೊಡ್ತೀನಿ, 'ಎ' ಮುಟ್ಟದೆ ಹತ್ತು ಫೋಟೋ ತೆಗಿ. ಮಜಾ ಬಂತಾ, ತಲೆ ಕೆಟ್ಟಿತಾ, ಅವತ್ತೇ ಗೊತ್ತಾಗುತ್ತೆ. ಇಎಂಐ ವಿಷಯ ಆಮೇಲೆ ಟೀ ಕುಡೀತಾ ಮಾತಾಡೋಣ.